ಮುಡಿಯದವರು ಕಟ್ಟಿದ ಹೂವು

ಬೇಸಗೆಯ ಬೆಳಗಿನ ಐದೂವರೆಯ ಸುಮಾರಿಗೆ ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಹೊರಡುವ ಬಸ್ಸಿನೊಳಗೆ, ಇನ್ನೂ ನಿದ್ದೆ ತಿಳಿಯದ ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಸೀರೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡ ನೇಕಾರರು, ಆಸ್ಪತ್ರೆಯ ಚೀಟಿಯನ್ನು ಮಡಿಸಿ ಜೇಬಿಗಿಳಿಸಿದ ಮುದುಕರು ತಂತಮ್ಮ ಚಿಂತೆಯಲ್ಲಿ ಮುಳುಗಿ ಕುಳಿತಿರುವಾಗ, ಒದ್ದೆ ಗೋಣಿಯನ್ನು ಹೊದ್ದ ಹೂವಿನ ಪುಟ್ಟಿಯೊಂದು ಬಾಗಿಲಲ್ಲಿ ಹತ್ತಿತೆಂದರೆ, ಆ ಗೋಣಿಯನ್ನು ಯಾರೂ ಸರಿಸಿ ನೋಡದಿದ್ದರೂ, ಒಳಗಿರುವುದು ಗುಂಡುಮಲ್ಲಿಗೆಯೆಂಬ ಸಮಾಚಾರವು ಕೊನೆಯ ಸೀಟಿನ ತನಕ ತಾನಾಗಿಯೇ ತಲುಪಿಬಿಡುವುದು. ಮೊಗ್ಗುಗಳೆಲ್ಲ ಅರಳಬೇಕಾಗಿಲ್ಲ, ಅವಸರಪಟ್ಟು ಬಿರಿದ ನಾಲ್ಕಾರು ಸಾಕು.

ಆಗ ಒಂದೆರಡು ಮುಖಗಳು ಸಡಿಲವಾಗುವುವು. ಪಕ್ಕದವರು “ಏನಾಯ್ತು?” ಎಂದು ಕೇಳಿದರೆ, “ಏನಿಲ್ಲ, ನಮ್ಮ ಪಕ್ಕದ್ಮನೆ ಅಜ್ಜಿ ನೆನಪಾದ್ರು” ಎಂಬ ಉತ್ತರ ಬರುವುದುಂಟು. ಆ ಅಜ್ಜಿ ತೀರಿಕೊಂಡು ಮೂವತ್ತು ವರ್ಷಗಳಾಗಿರಬಹುದು. ಅವರ ಭಾವಚಿತ್ರ ಯಾರಲ್ಲಿಯೂ ಇಲ್ಲದಿರಬಹುದು. ಕಣ್ಣು ಮುಚ್ಚಿ ನೆನೆದರೆ ಮೂಗು ಹೇಗಿತ್ತು, ಹಣೆ ಹೇಗಿತ್ತು ಎಂಬುದು ಕೂಡ ಸ್ಪಷ್ಟವಾಗದಿರಬಹುದು. ಆದರೂ ಒಂದು ಉಸಿರಿನಷ್ಟು ಹೊತ್ತಿನಲ್ಲಿ ಅವರ ಜಗಲಿ, ಅವರ ಕೆಮ್ಮು, ಅವರು ಹೆಸರು ಹಿಡಿದು ಕೂಗುತ್ತಿದ್ದ ರಾಗ ಎಲ್ಲವೂ ಎದುರಿಗೆ ಬಂದು ನಿಲ್ಲುವುವು.

ಹೂವಿನ ಕಂಪಿಗೆ ಇಂಥ ಶಕ್ತಿಯುಂಟೆಂಬುದು ಎಲ್ಲರ ಅನುಭವಕ್ಕೆ ಬಂದ ವಿಷಯವೇ. ಆ ಶಕ್ತಿ ಬಂದುದೆಲ್ಲಿಂದ, ಹೆತ್ತವರಿಗಿಂತಲೂ ಒಮ್ಮೊಮ್ಮೆ ನೆರೆಮನೆಯವರನ್ನೇ ಅದು ಕರೆದು ತರುವುದೇಕೆ ಎಂಬುದು ಮಾತ್ರ ಅಷ್ಟಾಗಿ ವಿಚಾರಕ್ಕೊಳಗಾಗಿಲ್ಲ.

ಒಂದು ಪದ, ಎರಡು ಅರ್ಥ

ನಮ್ಮ ಭಾಷೆಯು ಈ ಗುಟ್ಟನ್ನು ಬಹುಕಾಲದಿಂದಲೂ ಒಂದೇ ಪದದೊಳಗೆ ಅಡಗಿಸಿಟ್ಟುಕೊಂಡಿದೆ. ‘ವಾಸನೆ’ ಎಂದರೆ ಮೂಗಿಗೆ ಬರುವುದು. ಅದೇ ‘ವಾಸನೆ’ ಎಂದರೆ, ಆಗಿಹೋದ ಅನುಭವವೊಂದು ಚಿತ್ತದಲ್ಲಿ ಉಳಿಸಿಹೋದ ಅಂಟು. ಯಾರೂ ಕಲಿಸದೆಯೇ ಮಗುವೊಂದು ತಾಳ ಹಾಕತೊಡಗಿದರೆ, ಓದು ಬರಹ ಅರಿಯದ ಹೆಂಗಸೂ “ಪೂರ್ವಜನ್ಮದ ವಾಸನೆ ಕಣಮ್ಮ” ಎಂದುಬಿಡುವರು. ಯೋಗಸೂತ್ರದ ಪರಿಭಾಷೆಯು ನಮ್ಮ ಅಡುಗೆಮನೆಯ ಮಾತಾಗಿ ಇಳಿದಿರುವುದು ಹೀಗೆ.

ಇದಕ್ಕೆ ಹಳೆಯ ದರ್ಶನಕಾರರು ಕೊಡುತ್ತಿದ್ದ ದೃಷ್ಟಾಂತವು ಗಾಣದ ಮನೆಯದು. ಎಳ್ಳನ್ನೂ ಹೂವನ್ನೂ ಪದರ ಪದರವಾಗಿ ಹರಡಿಟ್ಟು, ಹೂವು ಬಾಡಿದ ಮೇಲೆ ಅದನ್ನು ಆಯ್ದು ಎಸೆದು, ಆ ಎಳ್ಳನ್ನು ಗಾಣಕ್ಕೆ ಹಾಕಿದರೆ, ಇಳಿಯುವ ಎಣ್ಣೆಯಲ್ಲಿ ಹೂವಿಲ್ಲ, ಕಂಪುಂಟು. ಇದು ಬರಿಯ ಅಲಂಕಾರವಲ್ಲ. ಮಲ್ಲಿಗೆ, ಸುಗಂಧರಾಜಗಳಂತಹ ಕೆಲವು ಹೂಗಳು ಗಿಡದಿಂದ ಬಿಡಿಸಿದ ಮೇಲೂ ಗಂಟೆಗಟ್ಟಲೆ ಕಂಪನ್ನು ಹೊಸದಾಗಿ ಹುಟ್ಟಿಸುತ್ತಲೇ ಇರುವುವು. ಫ್ರಾನ್ಸಿನ ಗ್ರಾಸ್ ಪಟ್ಟಣದ ಸುಗಂಧ ವ್ಯಾಪಾರಿಗಳು ಗಾಜಿನ ಮೇಲೆ ಕೊಬ್ಬನ್ನು ಸವರಿ, ಅದರ ಮೇಲೆ ಈ ಹೂಗಳನ್ನು ಹರಡಿ, ಅವು ಕೊನೆಯುಸಿರಿನ ತನಕ ಬಿಡುವ ಗಂಧವನ್ನು ಹೀರಿಸಿಕೊಳ್ಳುತ್ತಿದ್ದುದೂ ಈ ಗುಣವನ್ನು ನಂಬಿಯೇ. ಬಿಡಿಸಿದೊಡನೆ ಸಾಯದ ಹೂವಾದುದರಿಂದಲೇ ಮಲ್ಲಿಗೆಯು ಮುಡಿಗೆ ಯೋಗ್ಯವಾಯಿತೆಂದರೂ ತಪ್ಪಾಗದು.

ಅಭಿನವ ಕಾಳಿದಾಸರೆನಿಸಿದ ಬಸವಪ್ಪ ಶಾಸ್ತ್ರಿಗಳು ಕನ್ನಡಕ್ಕೆ ತಂದ ಶಾಕುಂತಲ ನಾಟಕದ ಐದನೆಯ ಅಂಕದಲ್ಲಿ, ದುಷ್ಯಂತನು ಒಳಗಿನಿಂದ ತೇಲಿಬಂದ ಹಾಡೊಂದನ್ನು ಕೇಳಿ, ಪ್ರಿಯರ ಅಗಲಿಕೆಯೇನೂ ಇಲ್ಲದಿದ್ದರೂ ತನ್ನ ಮನಸ್ಸು ಏಕೆ ಹೀಗೆ ಕಳವಳಗೊಂಡಿತೆಂದು ತಾನೇ ಬೆರಗಾಗುವನು. ಮರೆತುಹೋದ ಯಾವುದೋ ಸ್ನೇಹವನ್ನು ಚಿತ್ತವು ತನಗರಿವಿಲ್ಲದೆ ನೆನೆಯುತ್ತಿರಬೇಕೆಂಬುದು ಅವನಿಗೆ ಹೊಳೆಯುವ ಸಮಾಧಾನ. ರಾಜನಿಗೆ ಅದು ಕಿವಿಯಿಂದ ಬಂದಿತು. ಬಸ್ಸಿನ ಪ್ರಯಾಣಿಕರಿಗೆ ಮೂಗಿನಿಂದ ಬರುವುದು. ಕಿವಿಗಿಂತ ಮೂಗಿನ ದಾರಿ ಹತ್ತಿರದ್ದು.

ಹಿತ್ತಿಲ ಬಾಗಿಲಿನಿಂದ

ಮೂಗಿನೊಳಗೆ ಬಹು ಮೇಲೆ, ಎರಡು ಕಣ್ಣುಗಳ ನಡುವಿನ ಮಟ್ಟದಲ್ಲಿ, ಅಂಚೆಚೀಟಿಯಷ್ಟಗಲದ ಪೊರೆಯೊಂದಿದೆ. ವಾಸನೆಯ ಕಣಗಳನ್ನು ಹಿಡಿಯುವ ಗ್ರಾಹಕಗಳಿರುವುದು ಅಲ್ಲಿ. ಮನುಷ್ಯರಲ್ಲಿ ಅವು ಸುಮಾರು 400 ಬಗೆ. ಈ ಗ್ರಾಹಕಗಳ ಮೂಲವಾದ ಜೀನುಗಳನ್ನು 1991ರಲ್ಲಿ ಕಂಡುಹಿಡಿದ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಅವರಿಗೆ 2004ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ನಾನೂರೇ ಬಗೆಯ ಗ್ರಾಹಕಗಳಿಂದ ಲೆಕ್ಕವಿಲ್ಲದಷ್ಟು ವಾಸನೆಗಳನ್ನು ಗುರುತಿಸುವುದು ಹೇಗೆಂದು ಕೇಳುವವರು ದೊಡ್ಡಬಳ್ಳಾಪುರದ ಯಾವುದಾದರೂ ಮಗ್ಗದ ಮನೆಗೆ ಹೋಗಿ ಜಕಾರ್ಡನ್ನು ನೋಡಿದರೆ ಸಾಕು. ತೂತು ಹೊಡೆದ ರಟ್ಟುಗಳು ಒಂದರ ಹಿಂದೊಂದು ಸರಿಯುತ್ತಿರುವಾಗ, ತೂತಿದ್ದಲ್ಲಿ ಎಳೆ ಮೇಲೇಳುವುದು, ಇಲ್ಲದಲ್ಲಿ ಸುಮ್ಮನಿರುವುದು. ಎಳೆಗಳು ಅವೇ ಆದರೂ, ಯಾವುವು ಎದ್ದವು ಯಾವುವು ಉಳಿದವು ಎಂಬುದರ ಮೇಲೆ ಸೀರೆಯ ಅಂಚಿನಲ್ಲಿ ನವಿಲೋ ಮಾವಿನಕಾಯೋ ಮೂಡುವುದು. ಮಲ್ಲಿಗೆಯೆಂಬುದೂ ಅಂಥದೇ ಒಂದು ವಿನ್ಯಾಸ. ಅದರಲ್ಲಿ ಬೇರೆ ಬೇರೆ ರಾಸಾಯನಿಕಗಳಿವೆ. ಅವುಗಳಲ್ಲಿ ಒಂದಾದ ಇಂಡೋಲ್ ಎಂಬುದು ಒಂಟಿಯಾಗಿ, ಹೆಚ್ಚಾಗಿ ಇದ್ದರೆ ದುರ್ಗಂಧ. ಮಿತವಾಗಿ ಬೆರೆತಾಗ ಮಾತ್ರ ಅದು ಮಲ್ಲಿಗೆಗೆ ಆ ತುಂಬುತನವನ್ನು ಕೊಡುವುದು.

ಇನ್ನು ದಾರಿಯ ಮಾತು. ಕಂಡದ್ದು, ಕೇಳಿದ್ದು, ಮುಟ್ಟಿದ್ದು ಇವೆಲ್ಲವೂ ಮೆದುಳಿನ ನಡುವೆಯಿರುವ ಥಲಾಮಸ್ ಎಂಬ ಚಾವಡಿಯಲ್ಲಿ ಮೊದಲು ಹಾಜರಿ ಹಾಕಿ, ಅಲ್ಲಿಂದ ಮುಂದಕ್ಕೆ ಹೋಗತಕ್ಕವು. ವಾಸನೆಗೆ ಈ ಶಿಷ್ಟಾಚಾರವಿಲ್ಲ. ಅತಿಥಿಗಳು ಬೀದಿಬಾಗಿಲಿನಲ್ಲಿ ಚಪ್ಪಲಿ ಬಿಟ್ಟು, ಕರೆಯಿಸಿಕೊಂಡು ಒಳಗೆ ಬಂದರೆ, ನೆರೆಮನೆಯವರು ಹಿತ್ತಿಲ ಬಾಗಿಲಿನಿಂದ ನೇರವಾಗಿ ಅಡುಗೆಮನೆಗೇ ಬಂದು ನಿಲ್ಲುವಂತೆ, ವಾಸನೆಯು ಭಾವಗಳ ನೆಲೆಯಾದ ಅಮಿಗ್ಡಲಕ್ಕೂ ನೆನಪಿನ ನೆಲೆಯಾದ ಹಿಪೊಕ್ಯಾಂಪಸ್ಸಿನ ಹೊಸ್ತಿಲಿಗೂ ಹತ್ತಿರದ ಹಾದಿಯಲ್ಲೇ ಬಂದುಬಿಡುವುದು. ಆದುದರಿಂದಲೇ ಹೂವಿನ ಹೆಸರು ನೆನಪಾಗುವುದಕ್ಕಿಂತ ಮುಂಚೆ ಗಂಟಲು ಕಟ್ಟುವುದು.

2006ರಲ್ಲಿ ಸ್ವೀಡನ್ನಿನ ಸಂಶೋಧಕರು ವೃದ್ಧರ ಮುಂದೆ ಪದಗಳನ್ನೂ ಚಿತ್ರಗಳನ್ನೂ ವಾಸನೆಗಳನ್ನೂ ಇಟ್ಟು, ಯಾವ ವಯಸ್ಸಿನ ನೆನಪು ಬಂದಿತೆಂದು ಕೇಳಿ ನೋಡಿದರು. ಪದಗಳೂ ಚಿತ್ರಗಳೂ ಎಬ್ಬಿಸಿದವು ಹೆಚ್ಚಾಗಿ ಹತ್ತರಿಂದಾಚೆಯ ಹರೆಯದ ನೆನಪುಗಳು. ವಾಸನೆಗಳು ಎಬ್ಬಿಸಿದವು ಹತ್ತರ ಒಳಗಿನವು. 2009ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಕಂಡುದು ಇನ್ನೊಂದು: ಒಂದು ವಸ್ತುವಿನೊಡನೆ ಮೊತ್ತಮೊದಲು ಸೇರಿಕೊಂಡ ವಾಸನೆಗೆ ಮೆದುಳಿನಲ್ಲಿ ವಿಶೇಷವಾದ ಸ್ಥಾನವಿದೆ, ಎರಡನೆಯ ಸಲ ಸೇರಿದ್ದಕ್ಕೆ ಆ ಮರ್ಯಾದೆಯಿಲ್ಲ. ಮದುವೆಮನೆಗಳಲ್ಲಿ ಬುಟ್ಟಿಗಟ್ಟಲೆ ಮಲ್ಲಿಗೆಯನ್ನು ಮೂಸಿದವರಿಗೂ ಆ ಹೂವು ಐದನೆಯ ವಯಸ್ಸಿನಲ್ಲಿ ಯಾರ ಕೈಯಿಂದ ಬಂದಿತೋ ಅವರದೇ ಆಗಿ ಉಳಿಯುವುದು ಇದರಿಂದಿರಬಹುದು.

ಗೋಡೆಯಾಚೆಯ ಅಜ್ಜಿ

ನನ್ನ ಐದನೆಯ ವಯಸ್ಸಿನಲ್ಲಿ ಮಲ್ಲಿಗೆಯು ನಮ್ಮ ಮನೆಯ ಹೂವಾಗಿರಲಿಲ್ಲ. ನಮ್ಮ ಹಿತ್ತಿಲಲ್ಲಿ ಒಗೆಯುವ ಕಲ್ಲೂ ನುಗ್ಗೆಮರವೂ ಇದ್ದವೇ ಹೊರತು ಹೂವಿರಲಿಲ್ಲ. ನೇಕಾರರ ಬೀದಿಯ ಆ ಸಾಲಿನಲ್ಲಿ ಹೂವಿದ್ದುದು ಪಕ್ಕದ ಮನೆಯ ಅಜ್ಜಿಯ ಹಿತ್ತಿಲಲ್ಲಿ ಮಾತ್ರ: ಬಾವಿಯ ಕಟ್ಟೆಗೆ ಆತುಕೊಂಡು ಗುಂಡುಮಲ್ಲಿಗೆ, ಬಚ್ಚಲ ನೀರು ಹರಿಯುವ ಕಾಲುವೆಯ ಉದ್ದಕ್ಕೂ ಕನಕಾಂಬರ, ಮೂಲೆಯಲ್ಲಿ ಒಂದು ಹಿಡಿ ಮರುಗ.

ಸಾಯಂಕಾಲ ನಾಲ್ಕರ ಮೇಲೆ ಅಜ್ಜಿ ಮೊಗ್ಗು ಬಿಡಿಸಿ ಮೊರಕ್ಕೆ ಹಾಕಿಕೊಂಡು ಜಗಲಿಯಲ್ಲಿ ಕೂರುತ್ತಿದ್ದರು. ಬೇರೆಡೆ ಬಾಳೆನಾರಿನಲ್ಲಿ ಹೂ ಕಟ್ಟುವುದುಂಟು. ನಮ್ಮ ಬೀದಿಯಲ್ಲಿ ಮಗ್ಗದಿಂದ ಕತ್ತರಿಸಿ ಎಸೆದ ನೂಲಿನ ತುಂಡುಗಳಿಗೆ ಬರವಿರಲಿಲ್ಲವಾದುದರಿಂದ, ಅಜ್ಜಿಯ ಹೂವಿನ ದಾರವು ಒಮ್ಮೆ ಹಸಿರು, ಒಮ್ಮೆ ನೇರಳೆ, ಯಾರ ಮನೆಯ ಮಗ್ಗದಲ್ಲಿ ಯಾವ ಸೀರೆ ನಡೆಯುತ್ತಿದೆಯೋ ಆ ಬಣ್ಣ. ಎರಡು ಮೊಗ್ಗು ಈ ಕಡೆ ತಲೆ, ಎರಡು ಮೊಗ್ಗು ಆ ಕಡೆ ತಲೆ. ನಡುವೆ ದಾರದ ಒಂದು ಸುತ್ತು, ಹೆಬ್ಬೆರಳಿನ ಒಂದು ತಿರುವು, ಸರ್ರೆಂದು ಒಂದು ಎಳೆತ. ಕಣ್ಣು ಬೀದಿಯಲ್ಲಿ ಹೋಗುವವರ ಮೇಲಿದ್ದರೂ ಬೆರಳು ತಪ್ಪುತ್ತಿರಲಿಲ್ಲ. ಗಂಟು ಬಿಗಿಯಾದರೆ ತೊಟ್ಟು ಕತ್ತರಿಸಿಹೋಗುವುದು, ಸಡಿಲವಾದರೆ ಮುಡಿಯುವ ಮೊದಲೇ ಉದುರುವುದು. ಈ ಎರಡರ ನಡುವಿನ ಹದವನ್ನು ಬಾಯಿಂದ ಹೇಳಿಕೊಡಲು ಬಾರದು.

“ತಗೊಂಡ್ಹೋಗು ಮಗಾ, ಅಮ್ಮಂಗೊಂದು ಮೊಳ, ಅಕ್ಕಂಗೊಂದು ಗೇಣು” ಎಂದು ಕೈಗೆ ಕೊಡುವರು. ಮೊಳವೆಂದರೆ ಮೊಣಕೈಯಿಂದ ನಡುಬೆರಳಿನ ತುದಿಯ ತನಕ. ಮಾರುಕಟ್ಟೆಯಲ್ಲಿ ಗಿಡ್ಡ ಕೈಯವರ ಮೊಳದ ಬಗ್ಗೆ ಜಗಳಗಳಾಗುವುದುಂಟು. ಅಜ್ಜಿಯ ಮೊಳವು ಮೊಣಕೈಯ ಹಿಂದಕ್ಕೂ ನಾಲ್ಕು ಬೆರಳು ಹೋಗುತ್ತಿತ್ತು.

ಅಷ್ಟು ಕಟ್ಟಿದವರ ತಲೆಯಲ್ಲಿ ಮಾತ್ರ ಹೂವನ್ನು ಕಂಡವರಿಲ್ಲ. ಗಂಡ ಹೋದ ದಿನದಿಂದ ಅವರು ಮುಡಿಯುವಂತಿರಲಿಲ್ಲ. ಬೀದಿಯ ಹೆಣ್ಣುಮಕ್ಕಳಿಗೆಲ್ಲ ಮೊಗ್ಗಿನ ಜಡೆ ಹಾಕಲು ಕರೆಯುತ್ತಿದ್ದುದು ಅವರನ್ನೇ. ಹಾಕಿ ಮುಗಿಸಿದ ಮೇಲೆ ಆರತಿಯ ಹೊತ್ತಿಗೆ ಒಳಗಿನ ಕೋಣೆಗೆ ಸರಿದು ನಿಲ್ಲಬೇಕಾಗಿದ್ದುದೂ ಅವರೇ. ಇದನ್ನು ಸಂಪ್ರದಾಯವೆಂಬ ಸೌಮ್ಯವಾದ ಮಾತಿನಿಂದ ಮುಚ್ಚಲು ನನ್ನಿಂದಾಗದು; ನಾವೆಲ್ಲರೂ ನೋಡುತ್ತಿದ್ದು ನಡೆಯಿಸಿದ ಅನ್ಯಾಯವದು. ಒಮ್ಮೆ ಅಕ್ಕ, “ಅಜ್ಜೀ, ನೀನ್ಯಾಕೆ ಮುಡಿಯಲ್ಲ?” ಎಂದು ಕೇಳಿಬಿಟ್ಟಳು. ಅಮ್ಮ ಕಣ್ಣು ಬಿಟ್ಟರು. ಅಜ್ಜಿ ತಮ್ಮ ಬೆರಳುಗಳನ್ನು ಅಕ್ಕನ ಮೂಗಿನ ಹತ್ತಿರ ಹಿಡಿದು, “ಇವು ಮುಡ್ಕೊಂಡವಲ್ಲೇ, ಸಾಕು” ಎಂದರು.

ಆ ಬೆರಳುಗಳಲ್ಲಿದ್ದುದು ಮಲ್ಲಿಗೆಯೊಂದೇ ಅಲ್ಲ. ವೀಳ್ಯದೆಲೆ, ಸುಣ್ಣ, ಕಡ್ಡಿಪುಡಿ, ಗಂಜಿ ಹಾಕಿದ ನೂಲು, ಇವೆಲ್ಲದರ ಮೇಲೆ ಮಲ್ಲಿಗೆ. ಕಲೆತ ವಾಸನೆಯನ್ನು ಮೂಗು ಬಿಡಿಬಿಡಿಯಾಗಿ ಅಲ್ಲ, ಬಹುಮಟ್ಟಿಗೆ ಒಂದೇ ವಸ್ತುವಾಗಿ ಗ್ರಹಿಸುವುದೆಂದು ವಿಜ್ಞಾನಿಗಳು ಹೇಳುವರು. ನನ್ನ ಅನುಭವವೂ ಹಾಗೆಯೇ ಇದೆ. ದೇವಸ್ಥಾನದ ಮಲ್ಲಿಗೆ ನನಗೆ ದೇವಸ್ಥಾನವನ್ನೇ ನೆನಪಿಸುವುದು. ಬಸ್ಸಿನಲ್ಲಿ ಹೂವಿನ ಪುಟ್ಟಿಯಾಕೆ ಪಕ್ಕದಲ್ಲಿ ಕುಳಿತು ಎಲೆಗೆ ಸುಣ್ಣ ಹಚ್ಚಿದರೆ ಮಾತ್ರ ಅಜ್ಜಿ ಬರುವರು.

ಬಂಧುಗಳ ನೆನಪಿಗೆ ನಮ್ಮಲ್ಲಿ ಏರ್ಪಾಟುಗಳಿವೆ. ಪಿತೃಪಕ್ಷದಲ್ಲಿ ಹಿರಿಯರ ಹೆಸರಿಗೆ ಹೊಸ ಬಟ್ಟೆಯಿಟ್ಟು ಎಡೆ ಹಾಕುವೆವು, ಗೋಡೆಯ ಮೇಲೆ ಪಟ ತೂಗುಹಾಕುವೆವು, ಮೊಮ್ಮಗುವಿಗೆ ಅವರ ಹೆಸರಿಡುವೆವು. ನೆರೆಮನೆಯ ಅಜ್ಜಿಗೆ ಸಾಮಾನ್ಯವಾಗಿ ಈ ಯಾವುದರಲ್ಲಿಯೂ ಪಾಲಿಲ್ಲ. ಗೋಡೆಯ ಮೇಲೆ ಜಾಗವಿಲ್ಲದವರನ್ನು ಕಾಪಾಡಿಕೊಳ್ಳುವ ಕೆಲಸವು ಮೂಗಿಗೆ ಬಂದಿತೆಂದು ತೋರುವುದು.

ಕಡ್ಡಿ ನೆಟ್ಟರೆ ಅದೇ ಗಿಡ

ಗುಂಡುಮಲ್ಲಿಗೆಯು ಬೀಜ ಕಟ್ಟುವುದು ಬಹು ಅಪರೂಪ. ಅದು ಒಂದು ಅಂಗಳದಿಂದ ಇನ್ನೊಂದು ಅಂಗಳಕ್ಕೆ ಹೋಗಬೇಕಾದರೆ ಯಾರಾದರೂ ಕೊಡಬೇಕು, ಯಾರಾದರೂ ಕೇಳಬೇಕು. ಮಳೆಗಾಲ ಹಿಡಿದಾಗ ಪೆನ್ಸಿಲ್ ದಪ್ಪದ, ಮೂರು ನಾಲ್ಕು ಗಿಣ್ಣಿರುವ ಕಡ್ಡಿಯನ್ನು ಮುರಿದು ಒದ್ದೆ ಮಣ್ಣಿನಲ್ಲಿ ಊರಿದರೆ ಬೇರು ಬಿಡುವುದು. ಹಾಗೆ ಬೆಳೆದುದು ತಾಯಿಗಿಡದ ಮಗಳಲ್ಲ, ಶಾಸ್ತ್ರದ ದೃಷ್ಟಿಯಿಂದ ಅದೇ ಗಿಡ. ಅಜ್ಜಿಯ ಗಿಡವೂ ಯಾರದೋ ತವರಿನಿಂದ ಬಂದ ಕಡ್ಡಿಯೇ ಆಗಿದ್ದಿರಬೇಕು. ಅರಬರ ಮಾತಿನಿಂದ ‘ಸಂಬಾಕ್’ ಎಂಬ ಶಾಸ್ತ್ರೀಯ ನಾಮವನ್ನು ಪಡೆದು, ಫಿಲಿಪ್ಪೀನ್ಸಿಗೆ ಹೋಗಿ ಅಲ್ಲಿನ ರಾಷ್ಟ್ರಪುಷ್ಪವಾಗಿ, ಹವಾಯಿ ದ್ವೀಪಗಳಲ್ಲಿ ಕೊರಳಹಾರವಾಗಿರುವ ಮಲ್ಲಿಗೆಯ ದೇಶಾಂತರವೆಲ್ಲ ನಡೆದುದು ಹೀಗೆಯೇ, ಕೈಯಿಂದ ಕೈಗೆ.

ಕೊಟ್ಟರಷ್ಟೇ ಸಾಲದು, ಸವರಲೂ ಕಲಿಸಬೇಕು. ಹೂವು ಬರುವುದು ಹೊಸ ಚಿಗುರಿನ ತುದಿಯಲ್ಲಿ. ಆದುದರಿಂದ ಮಾಗಿಯ ಚಳಿಯಲ್ಲಿ ನೀರು ನಿಲ್ಲಿಸಿ, ಗಿಡವನ್ನು ನಿರ್ದಯವಾಗಿ ಕತ್ತರಿಸಬೇಕು. ಈ ಸೀಮೆಯ ತಿಗಳ ತೋಟಗಾರರಿಗೆ ಇದು ತಲೆಮಾರುಗಳಿಂದ ಬಂದ ವಿದ್ಯೆ. ಹಾಗೆ ಸವರಿದ ಗಿಡವು ಚೈತ್ರದ ಹೊತ್ತಿಗೆ ಮೈತುಂಬ ಮೊಗ್ಗಾಗುವುದು. ತಿಗಳರದೇ ಆದ ಬೆಂಗಳೂರು ಕರಗವು ಚೈತ್ರದ ಹುಣ್ಣಿಮೆಯ ರಾತ್ರಿ ಮಲ್ಲಿಗೆಯನ್ನೇ ಹೊದ್ದು ಹೊರಡುವುದರಲ್ಲಿ ಋತುವಿನ ಔಚಿತ್ಯವೂ ಇದೆ. ಸಂಜೆಗೆ ಬಿರಿದು ರಾತ್ರಿಯಲ್ಲಿ ಕಂಪು ಹೆಚ್ಚಿಸಿಕೊಳ್ಳುವ ಬಿಳಿಯ ಹೂವು ಅದು. ಕತ್ತಲಲ್ಲಿ ಹಾರುವ ಪತಂಗಗಳನ್ನು ಕರೆಯಲು ಬಿಳುಪೂ ಕಂಪೂ ಎರಡೂ ಬೇಕು.

ಕನಕಾಂಬರದ ಸ್ವಭಾವವೇ ಬೇರೆ. ಕರಾವಳಿಯವರು ಅಬ್ಬಲಿಗೆ ಎನ್ನುವ ಈ ಹೂವು ದಕ್ಷಿಣ ಭಾರತ ಮತ್ತು ಸಿಂಹಳಗಳ ಸ್ವಂತ ಸೊತ್ತು. ವಾಸನೆಯಿಲ್ಲ, ಭಾರವಿಲ್ಲ, ಇರುವುದು ಬಣ್ಣವೊಂದೇ. ಇದು ಯಾರನ್ನೂ ಕೇಳುವುದಿಲ್ಲ. ತೆನೆ ಒಣಗಿದ ಮೇಲೆ ಮಳೆಯ ಹನಿ ಬಿದ್ದರೆ ಕಾಯಿ ಚಟ್ಟೆಂದು ಸಿಡಿದು, ಬೀಜವು ದೂರ ಹಾರುವುದು. ನಾವು ಅಜ್ಜಿಯ ಕಣ್ಣು ತಪ್ಪಿಸಿ ಒಣಗಿದ ತೆನೆಗಳನ್ನು ಕಿತ್ತು, ಒದ್ದೆ ಅಂಗೈಯಲ್ಲಿಟ್ಟು, ಒಬ್ಬರ ಕಿವಿಯ ಹತ್ತಿರ ಒಬ್ಬರು ಹಿಡಿದು ಹೆದರಿಸುತ್ತಿದ್ದೆವು. (ಮಾರುಕಟ್ಟೆಯ ‘ಡೆಲ್ಲಿ ಕನಕಾಂಬರ’ಕ್ಕೆ ಈ ಆಟ ಸಾಗದು, ಅದು ಬೀಜ ಕಟ್ಟದ ತಳಿ, ಅದಕ್ಕೂ ಕಡ್ಡಿಯೇ ಗತಿ.)

ಹಿತ್ತಿಲು ಹೋದ ಮೇಲೆ

ಪಕ್ಕದ ದೇವನಹಳ್ಳಿಯವರಿಗೆ ನೆರೆಮನೆಯ ನೆನಪು ಮಲ್ಲಿಗೆಗಿಂತ ಚಕ್ಕೋತದ ಹೂವಿನಲ್ಲಿ ಬರುವುದುಂಟು. ಹಣ್ಣಿಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಹೂವಿನ ಮಾತನ್ನು ಯಾರೂ ಎತ್ತುವುದಿಲ್ಲ. ದಪ್ಪ ದಳಗಳ, ಕೈಗೆ ಮೇಣದಂತೆ ತಗಲುವ ಆ ಬಿಳಿಯ ಹೂವು ಉದುರುವ ದಿನಗಳಲ್ಲಿ ಮರ ಯಾರದೇ ಆಗಿರಲಿ, ಕಂಪು ಇಡೀ ಬೀದಿಯದು. ಚಕ್ಕೋತವು ಬಹುಮಟ್ಟಿಗೆ ಹಿತ್ತಿಲ ಮರವಾಗಿತ್ತು. ಹಿತ್ತಿಲುಗಳು ನಿವೇಶನಗಳಾದಂತೆ ಮರಗಳು ಉರುಳಿದವು. 2008ರಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣ ಬಂದ ಮೇಲೆ ಅಲ್ಲಿ ಮಣ್ಣಿಗೆ ಬಂದ ಬೆಲೆಯನ್ನು ಯಾವ ಹೂವೂ ಕೊಡಲಾರದು. ಅದೇ ನಿಲ್ದಾಣದ ಎರಡನೆಯ ಟರ್ಮಿನಲ್ಲನ್ನು, 2022ರಲ್ಲಿ ಉದ್ಘಾಟನೆಯಾದುದನ್ನು, ಉದ್ಯಾನದೊಳಗಿನ ಟರ್ಮಿನಲ್ ಎಂದು ಕರೆದಿರುವರು. ಮೇಲಿನಿಂದ ಗಿಡಗಳು ತೂಗಾಡುತ್ತಿರುವುದು ನೋಡಲು ಚೆಲುವಾಗಿದೆ. ಕಡ್ಡಿ ಕೇಳುವುದಕ್ಕೆ ಅಲ್ಲಿ ಅಜ್ಜಿಯಿಲ್ಲ, ಅಷ್ಟೆ.

ಹೂವು ಈ ಸೀಮೆಯಿಂದ ಮಾಯವಾಗಿದೆಯೆಂದಲ್ಲ. ಪಾಲಿಹೌಸುಗಳಲ್ಲಿ ಗುಲಾಬಿ ಬೆಳೆದು ಊರೂರಿಗೆ ಹೋಗುತ್ತಿದೆ. ಆದರೆ ಉದ್ದನೆಯ ಕಾಂಡಕ್ಕಾಗಿ, ಬಹುದಿನದ ಬಾಳಿಕೆಗಾಗಿ ಆಯ್ದು ಬೆಳೆಸಿದ ಈ ಗುಲಾಬಿಗಳಲ್ಲಿ ಅನೇಕಕ್ಕೆ ಕಂಪೇ ಇಲ್ಲ. ಇಂದು ಐದು ವರ್ಷದ ಮಗುವಿನ ಮೂಗಿಗೆ ಮೊದಲು ಸೇರುವ ವಾಸನೆ ಯಾವುದು, ಅದು ಯಾರ ಹೆಸರಿನಲ್ಲಿ ಸೇರುವುದು ಎಂದು ಯೋಚಿಸುವಾಗ ನನಗೆ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಸಿಂಪಡಿಸುವ ಕೃತಕ ಮಲ್ಲಿಗೆ ನೆನಪಾಗುವುದು. ಅದೂ ಯಾರನ್ನಾದರೂ ಕರೆದು ತಂದೀತು. ಲಿಫ್ಟಿನಲ್ಲಿ ದಿನವೂ ಚಾಕೊಲೇಟು ಕೊಡುವ ಎದುರು ಫ್ಲ್ಯಾಟಿನ ತಾತ ಮುಂದೊಂದು ದಿನ ಆ ವಾಸನೆಯಲ್ಲೇ ಬಂದಾರು. ಮೂಗಿಗೆ ಪಂಕ್ತಿಭೇದವಿಲ್ಲ.

ಅಜ್ಜಿಯ ಮನೆ ಈಗ ಇಲ್ಲ. ಬಾವಿ ಮುಚ್ಚಿ, ಮಲ್ಲಿಗೆಯ ಬುಡ ಅಗೆದು, ಹಿತ್ತಿಲೆಲ್ಲ ಸೇರಿಸಿ ತಗಡಿನ ಸೂರಿನ ಮಗ್ಗದ ಶೆಡ್ಡು ಎದ್ದಿದೆ. ಅಕ್ಕ ನೆಲಮಂಗಲಕ್ಕೆ ಮದುವೆಯಾಗಿ ಹೋಗುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಹೋದ ಕಡ್ಡಿ ಅಲ್ಲಿ ಕುಂಡದಲ್ಲಿದೆ. ನಾನು ಹೋದಾಗಲೆಲ್ಲ ಮೂಸಿ ನೋಡುವೆನು; ಅಕ್ಕ ದಿನವೂ ನೀರೆರೆಯುವವಳಾದುದರಿಂದ ಅವಳ ಮೂಗಿಗೆ ಅದು ಈಗ ತಿಳಿಯುವುದೇ ಇಲ್ಲವಂತೆ.

ಕಳೆದ ಆಷಾಢದಲ್ಲಿ ಹಳೆಯ ಬೀದಿಗೆ ಹೋಗಿದ್ದೆ. ಒಂದೇ ಸಮನೆ ಬಡಿಯುತ್ತಿದ್ದ ಮಗ್ಗಗಳ ಶೆಡ್ಡಿಗೂ ಚರಂಡಿಗೂ ನಡುವಿನ ಬಿರುಕಿನಲ್ಲಿ, ಯಾರೂ ನೆಡದ ನಾಲ್ಕು ಕನಕಾಂಬರದ ಗಿಡಗಳು ಹೂ ಬಿಟ್ಟು ನಿಂತಿದ್ದವು. ಬಗ್ಗಿ ಮೂಸಿದೆ, ಮೂಗಿಗೆ ಏನೂ ಬರಲಿಲ್ಲ. ಒಣಗಿದ ತೆನೆಯೊಂದನ್ನು ಕಿತ್ತು, ಬಾಟಲಿಯ ನೀರಿನಿಂದ ಅಂಗೈ ಒದ್ದೆ ಮಾಡಿಕೊಂಡು, ತೆನೆಯನ್ನು ಅದರಲ್ಲಿಟ್ಟು ಕಿವಿಯ ಹತ್ತಿರ ಹಿಡಿದೆ. ಮಗ್ಗದ ಸದ್ದಿನ ನಡುವೆಯೂ ಕೇಳಿಸಿತು, ಚಟ್.